ಅಲ್ಲಾಡದ ಕ್ರೇನು

"ನಿಮ್ಮಮ್ಮ ಗೊರಕೆ ಹೊಡೀತಿದ್ದಾರೇನೇ? ಇಲ್ಲೀವರ್ಗೂ ಕೇಳಿಸ್ತಿದೆ!"

ಲೌಡ್‌ಸ್ಪೀಕರ್ ಹೀಗೆಂದದ್ದೇ ತಡ, ಶಾಲೆಯ ಕಾಂಪೌಂಡಿಗೆ ಆತುಕೊಂಡಿದ್ದ ಐದನೇ ಕ್ಲಾಸಿನ ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ಆ ಹುಡುಗನ ಗಂಟಲಿಗೆ ತಕ್ಕ ಹೆಸರನ್ನೇ ಕ್ಲಾಸು ಇಟ್ಟಿತ್ತು. ಚಿನಕುರುಳಿ ಮಾತ್ರ ನಗಲಿಲ್ಲ.

ಎರಡು ದಿನದಿಂದ ಜಂಬ ಕೊಚ್ಚಿಕೊಂಡಿದ್ದವಳು ಅವಳೇ. ಶಾಲೆಯ ಹೊಸ ಕಟ್ಟಡದ ಮೇಲೆ ನೀರಿನ ಟ್ಯಾಂಕ್ ಕೂರಿಸಲು ಕ್ರೇನ್ ತಂದವಳು ಅವಳ ಅಮ್ಮ. "ಊಟದ ಬೆಲ್‌ಗೆ ಎಲ್ರೂ ಬಂದು ನೋಡಿ" ಎಂದು ಕರೆದಿದ್ದಳು. ಕೈಸನ್ನೆಗಳನ್ನೂ ಕಲಿಸಿದ್ದಳು. ಬೆರಳು ಮೇಲೆ ಮಾಡಿ ತಿರುಗಿಸಿದರೆ 'ಎತ್ತು'. ಎರಡೂ ಕೈ ಅಗಲಿಸಿ ಆಡಿಸಿದರೆ 'ತಕ್ಷಣ ನಿಲ್ಲಿಸು'.

ಈಗ ನೋಡಿದರೆ ಟ್ಯಾಂಕ್ ನೆಲದಲ್ಲೇ ಇದೆ. ಅಮ್ಮ ಕ್ಯಾಬಿನ್ನಿನಲ್ಲಿ ಕೈಕಟ್ಟಿ ಕೂತಿದ್ದಾಳೆ. ಕೆಳಗೆ ಎಂಜಿನಿಯರ್ ಸಾಹೇಬರು ಕುಣಿಯುತ್ತಿದ್ದಾರೆ. ಸಿಗ್ನಲ್ ಕೊಡುವವನನ್ನು ಯಾವುದೋ ಸಾಮಾನು ತರಲು ಅಟ್ಟಿದವರು ಇವರೇ. ಈಗ ತಾವೇ ಬೆರಳು ತಿರುಗಿಸುತ್ತಿದ್ದರು. ಅದೂ ಎಂಥ ಚೆಂದ! ಸೊಳ್ಳೆ ಓಡಿಸುವವರ ಕೈ ಇದಕ್ಕಿಂತ ನೆಟ್ಟಗೆ ಆಡುತ್ತದೆ.

"ಏನಮ್ಮಾ, ಕಣ್ಣು ಕಾಣಲ್ವಾ? ಎತ್ತು ಅಂತಿದೀನಲ್ಲ!"

"ಸಿಗ್ನಲ್‌ನವನು ಬರ್ಲಿ ಸಾರ್."

"ನಾನು ಎಂಜಿನಿಯರ್ರು! ಜೇಬಲ್ಲಿ ಯೂನಿಯನ್ ಕಾರ್ಡ್ ಇದೆ ಅಂತ ಕೊಬ್ಬಾ? ಬೇರೆ ಆಪರೇಟರನ್ನ ಕರೆಸ್ತೀನಿ!"

"ಕರೆಸಿ ಸಾರ್. ಅವ್ರ ಜೇಬಲ್ಲೂ ಅದೇ ಕಾರ್ಡ್ ಇರುತ್ತೆ."

ಸಾಹೇಬರು ಕೂಗಿ ಕರೆದದ್ದಕ್ಕೆ ಆ ಕಡೆಯಿಂದ ರೋಲರ್ ಓಡಿಸುವಾತ ಬಂದ. "ಸಿಗ್ನಲ್‌ನವನೆಲ್ಲಿ?" ಎಂದು ಕೇಳಿದ. ಇಲ್ಲವೆಂದು ತಿಳಿದದ್ದೇ ಸಿಮೆಂಟ್ ಮೂಟೆಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದ.

ಚಿನಕುರುಳಿಗೆ ಅಮ್ಮನ ಮೇಲೇ ಕೆಂಡದಂಥ ಸಿಟ್ಟು ಬಂತು. ಒಂದು ಲಿವರ್ ಎಳೆದಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಮಗಳ ಮಾನ ಇಲ್ಲಿ ಮೂರು ಕಾಸಿಗೆ ಹರಾಜಾಗುತ್ತಿದೆ!

ಅಷ್ಟರಲ್ಲಿ ಹಳದಿ ಕೋಟಿನ ಸಿಗ್ನಲ್‌ನವನು ಓಡೋಡಿ ಬಂದ. ಸುತ್ತ ಎರಡು ಸಲ ನೋಡಿ ಬೆರಳು ತಿರುಗಿಸಿದ. ಟ್ಯಾಂಕ್ ಚೂರೂ ಓಲಾಡದೆ ಮೇಲೇರಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಲೌಡ್‌ಸ್ಪೀಕರಿಗೆ ಹೊಟ್ಟೆ ಉರಿಯಿತು. ಕಾಂಪೌಂಡ್ ಹತ್ತಿ, ಮಂಗನ ಹಾಗೆ ಹಲ್ಲು ಕಿರಿಯುತ್ತಾ ಎರಡೂ ಕೈ ಅಗಲಿಸಿ ಆಡಿಸಿದ.

ಕ್ರೇನ್ ನಿಂತಿತು.

ಟ್ಯಾಂಕ್ ನಡುಗಾಳಿಯಲ್ಲಿ ತೂಗಿತು. ಲೌಡ್‌ಸ್ಪೀಕರಿನ ಕೈಗಳೂ ಗಾಳಿಯಲ್ಲೇ ಉಳಿದವು.

"ಈಗೇನಮ್ಮಾ ಬಂತು?" ಎಂಜಿನಿಯರ್ ಅರಚಿದರು.

"ಆ ಹುಡುಗ ನಿಲ್ಸು ಅಂದ ಸಾರ್."

"ಆ ಚಿಳ್ಳೆ ಹೇಳಿದ್ದಕ್ಕಾ?"

"ಎತ್ತು ಅನ್ನೋಕೆ ಒಬ್ನೇ ಸಾರ್. ನಿಲ್ಸು ಅಂತ ಯಾರು ಬೇಕಾದ್ರೂ ಅನ್ಬಹುದು." ಅಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು. "ಏನಪ್ಪಾ, ಏನ್ ಕಾಣಿಸ್ತು ನಿಂಗೆ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ನಿಜಕ್ಕೂ ಕೇಳುತ್ತಿದ್ದಳು.

"ಏ... ಏನಿಲ್ಲ ಆಂಟಿ." ಲೌಡ್‌ಸ್ಪೀಕರಿನ ಕರೆಂಟು ಹೋಗಿತ್ತು.

ಆದರೂ ಸಿಗ್ನಲ್‌ನವನು ಹಗ್ಗ, ಕೊಕ್ಕೆ, ಸುತ್ತಮುತ್ತಲ ಜಾಗ ಎಲ್ಲವನ್ನೂ ಮತ್ತೆ ನೋಡಿದ. ಆಮೇಲೆಯೇ ಬೆರಳು ಮೇಲೆ ಹೋಯಿತು.

ಕಾಂಪೌಂಡಿನಿಂದ ಇಳಿದ ಲೌಡ್‌ಸ್ಪೀಕರ್ ಪಿಸುಗುಟ್ಟಿದ: "ನಾನು ಸುಮ್ನೆ ಅಂದೆ ಕಣೇ... ನಿಜವಾಗ್ಲೂ ನಿಲ್ಲಿಸಿಬಿಟ್ರು."

"ಹೂಂ," ಎಂದಳು ಚಿನಕುರುಳಿ. ಎಂಜಿನಿಯರ್ ಅಷ್ಟು ಹೊತ್ತು ಕುಣಿದರೂ ಅಲ್ಲಾಡದ ಅಮ್ಮನನ್ನೇ ಅವಳು ನೋಡುತ್ತಿದ್ದಳು. ಚಪ್ಪಾಳೆಗೆಂದು ಎತ್ತಿದ ಕೈಗಳನ್ನು ಮೆಲ್ಲಗೆ ಇಳಿಸಿ ಬೆನ್ನ ಹಿಂದೆ ಕಟ್ಟಿಕೊಂಡಳು.

ಒಬ್ಬೊಬ್ಬರಾಗಿ ಎಲ್ಲರೂ ಹಾಗೇ ಮಾಡಿದರು. ಲೌಡ್‌ಸ್ಪೀಕರಿನ ಮೂಗಿನ ಮೇಲೆ ನೊಣವೊಂದು ಬಂದು ಕೂತಿತು. ಟ್ಯಾಂಕ್ ಮೇಲೆ ಕೂರುವವರೆಗೂ ಅವನು ಅದನ್ನು ಓಡಿಸಲಿಲ್ಲ.