ಅಮ್ಮನ ಬಹುವಚನ

ಪ್ರತಿ ಕ್ರಿಸ್‌ಮಸ್‌ಗೂ ಅಮ್ಮ ನನ್ನನ್ನು ಪೇಟೆಯ ಆರು ಮಹಡಿ ಅಂಗಡಿಗೆ ಕರೆದೊಯ್ಯುತ್ತಿದ್ದಳು. ನನಗೆ ಏಳಾದ ವರ್ಷ, ಆಟಿಕೆಗಳ ಮಹಡಿಯಲ್ಲಿ ಅವಳ ಕೈ ಹಿಡಿದೇ ನಿಂತಿದ್ದಾಗ ಮೈಕಿನಲ್ಲಿ ಯಾರೋ ಕೂಗಿದರು: "ಹಸಿರು ಸ್ವೆಟರ್ ಹಾಕಿರೋ ಪುಟ್ಟಿ ಅನ್ನೋ ಮಗು ಅಳ್ತಾ ಇದೆ. ತಾಯಿ ಬೇಗ ಕೆಳಗೆ ಬನ್ನಿ."

ಪುಟ್ಟಿ ನಾನೇ. ಹಸಿರು ಸ್ವೆಟರ್ ನನ್ನ ಮೈಮೇಲೇ ಇತ್ತು. ನನಗೆ ನಗು ಬಂತು. ಅಮ್ಮ ನಗಲಿಲ್ಲ. ಮೂರನೇ ಸಲ ಕೂಗಿದಾಗ ಮೈಕಿನ ದನಿಯ ಹಿಂದೆ ಬಿಕ್ಕುವ ಸದ್ದು ಕೇಳಿಸಿತು, ಥೇಟ್ ನನ್ನದೇ. ಅಮ್ಮ ನನ್ನನ್ನೇ ದಿಟ್ಟಿಸಿ, "ಬನ್ನಿ, ಮನೆಗೆ ಹೋಗೋಣ" ಎಂದಳು.

ತಂಗಿಗೆ ಇವತ್ತಿಗೂ "ಬಾರೇ". ನನಗೆ ಅಂದಿನಿಂದ "ಬನ್ನಿ".

ಈಗ ಅಮ್ಮನಿಗೆ ಎಂಬತ್ತು. ಊಟ, ಸ್ನಾನ, ಮಾತ್ರೆ ಎಲ್ಲ ನನ್ನ ಪಾಲಿಗೆ. ಎತ್ತಿ ಎತ್ತಿ ಸೊಂಟ ಬಿದ್ದುಹೋಗಿದೆ. ನಿನ್ನೆ ಮೈ ಒರೆಸುವಾಗ ಕೈಮುಗಿದಳು.

"ನಿಮ್ಮಿಂದ ಉಪಕಾರ ಆಯ್ತು. ಪುಟ್ಟಿ ಇನ್ನೂ ಕೆಳಗೇ ಕಾಯ್ತಿರ್ತಾಳೆ, ಅಲ್ವಾ?"