ನೀಲವ್ವ ಸುತ್ತಿಕೊಂಡ ಪಟಕಾ

ತಲೆಗೆ ಪಟಕಾ ಸುತ್ತಿದ ಕೂಡಲೇ ನೀಲವ್ವನವರ ಕಿವಿಯ ಹಿಂದೆ ಇರುವೆಗಳ ಸಾಲೇ ಹರಿದಂತಾಯಿತು. ನಗು ತಡೆಯಲಾಗಲಿಲ್ಲ.

"ಕಚಗುಳಿ ಆಗ್ತೈತ್ರಿ ಡಾಕ್ಟರ್ ಬಾಯಾರ."

"ಆಗ್ಲಿ. ಅಳ್ಳಾಡಬ್ಯಾಡ್ರಿ," ಎಂದರು ಅದನ್ನು ಕಂಡುಹಿಡಿದ ಡಾ. ಅನಘಾ ಗಲಗಲಿ.

ನೋಡಲು ಧಾರವಾಡದ ಹಿರಿಯರು ಸುತ್ತುವ ರುಮಾಲಿನಂತೆಯೇ ಇದ್ದ ಆ ಉಪಕರಣದ ಮಡಿಕೆಗಳಲ್ಲಿ ಕೂದಲಿಗಿಂತ ತೆಳುವಾದ ತಾಮ್ರದ ಸುರುಳಿಗಳಿದ್ದವು. ಮನುಷ್ಯ ಏನನ್ನಾದರೂ ಕಲಿತಾಗ ಮಿದುಳಿನ ನರಕೋಶಗಳ ನಡುವೆ ಹೊಸ ಹಾದಿಗಳು ಮೂಡುತ್ತವೆ. ಆ ಹಾದಿಗಳ ನಕ್ಷೆಗೆ ಗಲಗಲಿಯವರು ಸ್ಮೃತಿಮುದ್ರೆ ಎಂದು ಹೆಸರಿಟ್ಟಿದ್ದರು. ಒಬ್ಬರ ಮುದ್ರೆಯನ್ನು ಕಾಂತಸ್ಪಂದಗಳಿಂದ, ಅಂದರೆ ಆಯಸ್ಕಾಂತದ ಸಣ್ಣ ಮಿಡಿತಗಳಿಂದ, ಇನ್ನೊಬ್ಬರ ತಲೆಗೆ ದಾಟಿಸುವುದೇ ಪಟಕಾದ ಕೆಲಸ. ಒಂದು ಮಧ್ಯಾಹ್ನದ ನಿದ್ದೆಯಷ್ಟು ಹೊತ್ತು ಸಾಕು.

ಆ ಕಾಲದಲ್ಲಿ ಸ್ಟಿಯರಿಂಗನ್ನು ಗಾಡಿಯೇ ತಿರುಗಿಸಿಕೊಳ್ಳುತ್ತಿತ್ತು. ಯಾವಾಗ ಹೊರಡಬೇಕು, ಯಾರಿಗೆ ದಾರಿ ಬಿಡಬೇಕು ಎಂಬುದನ್ನು ಮಾತ್ರ ಮನುಷ್ಯರು ಹೇಳಬೇಕಿತ್ತು. ಆದ್ದರಿಂದ ಲೈಸೆನ್ಸಿಗೆ ಇದ್ದದ್ದು ಒಂದೇ ಪರೀಕ್ಷೆ: ಸಂಚಾರ ನಿಯಮಗಳದ್ದು. ನೀಲವ್ವ ಅದರಲ್ಲಿ ಪ್ರತಿ ಸಲವೂ ನಪಾಸಾಗುತ್ತಿದ್ದರು. ಹಳದಿ ದೀಪ ಕಂಡರೆ ಏನು ಮಾಡುತ್ತೀರಿ ಎಂದು ಯಂತ್ರ ಕೇಳಿದರೆ, "ಕೆಂಪು ಬೀಳೂದ್ರೊಳಗ ಲಗೂ ದಾಟಿ ಬಿಡ್ತೀನ್ರಿ" ಎನ್ನುತ್ತಿದ್ದರು. ಹಿಂದಿನಿಂದ ಆಂಬುಲೆನ್ಸ್ ಬಂದರೆ? "ಪಾಪ, ಯಾರಿಗೆ ಏನಾಗೈತಿ ಅಂತ ಕೇಳ್ತೀನ್ರಿ."

ಈ ಸಲ ಪಾಸಾಗಲೇಬೇಕಿತ್ತು. ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಉಳಿದವರಿಗೆ ಬಿಸಿರೊಟ್ಟಿ, ಪಲ್ಯ ಒಯ್ಯುತ್ತಿದ್ದುದು ನೀಲವ್ವನ ರೊಟ್ಟಿಕೇಂದ್ರದ ವ್ಯಾನು. ಅದರ ಚಾಲಕ ಕೆಲಸ ಬಿಟ್ಟಿದ್ದ. ಸೋಮವಾರ ವ್ಯಾನು ಬರದಿದ್ದರೆ ಪೊಟ್ಟಣದ ಬ್ರೆಡ್ಡಿನವರಿಗೆ ಕೆಲಸ ಒಪ್ಪಿಸುತ್ತೇವೆ ಎಂದು ಆಸ್ಪತ್ರೆಯವರು ತಿಳಿಸಿದ್ದರು.

"ಯಾರ ನೆನಪರಿ ಇದು?" ನೀಲವ್ವ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಮೌಲಾಸಾಬರದು. ಜೀವನಪೂರ್ತಿ ಸಿಟಿ ಬಸ್ ಓಡಿಸ್ಯಾರ. ಒಂದ್ ನಾಯಿ ಬಾಲಾ ಸೈತ ತುಳದಿಲ್ಲ."

"ಮತ್ತ ಅವರ ಹೇಣ್ತಿ ನೆನಪು ಗಿನಪು ಬರ್ತಾವೇನ್ರಿ ನನಗ?"

"ಇಲ್ರಿ, ಎಲ್ಲಾ ಸೋಸಿ ತಗದೀನಿ. ನಿಯಮ ಅಷ್ಟ ಬರ್ತಾವ."

ಶನಿವಾರ ಪರೀಕ್ಷೆ. ಸಾಲಾಗಿ ಕೂತವರ ಮುಂದೆ ಒಂದೊಂದು ಯಂತ್ರ. ಗಲಗಲಿಯವರು ಗಾಜಿನ ಬಾಗಿಲಾಚೆ ನಿಂತಿದ್ದರು. ಯಂತ್ರ ಮೊದಲ ಪ್ರಶ್ನೆ ಕೇಳಿತು. ನೀಲವ್ವನಿಗೆ ಉತ್ತರ ಗೊತ್ತಿತ್ತು, ಆದರೆ ನಾಲಿಗೆ ಹೊರಡಲಿಲ್ಲ. ಏನನ್ನೋ ಕಾಯುವಂತೆ ಕಿವಿ ಹಿಂದಕ್ಕೇ ನೆಟ್ಟಿತ್ತು.

"ಯಾಕ್ರಿ ಅವ್ವಾರ, ನೀರು ಬೇಕೇನ್ರಿ?" ಹಿಂದಿನ ಸಾಲಿನ ಹೆಣ್ಣುಮಗಳು ಕೇಳಿದಳು.

"ನೀರು ಬ್ಯಾಡವ್ವಾ. ಯಾರರ ರೈಟ್ ಅನ್ರಿ."

"ಏನಂದ್ರಿ?"

"ರೈಟ್ ಅನ್ನವ್ವಾ ತಂಗಿ."

"ರೈಟ್," ಎಂದಳು ಅವಳು.

ನೀಲವ್ವನ ನಾಲಿಗೆ ಹೊರಟಿತು. ಉತ್ತರ ಸರಾಗವಾಗಿ ಬಂತು. ಎರಡನೆಯ ಪ್ರಶ್ನೆಗೆ ಮತ್ತೆ ನಿಂತರು, ಮತ್ತೆ ರೈಟ್. ಸ್ವಲ್ಪ ಹೊತ್ತಿನಲ್ಲಿ ಇಡೀ ಸಾಲೇ ಕಂಡಕ್ಟರುಗಳ ಸಾಲಾಯಿತು. ಮೇಲ್ವಿಚಾರಕರು ಹುಬ್ಬು ಗಂಟಿಕ್ಕಿ ನಿಯಮಾವಳಿ ತೆರೆದರು. ಉತ್ತರ ಹೇಳಿಕೊಡಬಾರದು ಎಂದಿತ್ತು, ರೈಟ್ ಅನ್ನಬಾರದು ಎಂದೆಲ್ಲೂ ಇರಲಿಲ್ಲ. ಕೊನೆಯ ಪ್ರಶ್ನೆಗೆ ಅವರೇ ಗಂಟಲು ಸರಿಮಾಡಿಕೊಂಡು ರೈಟ್ ಅಂದುಬಿಟ್ಟರು. ಉತ್ತರ ಮುಗಿದಾಗ ಮೂಲೆಯಿಂದ ಯಾರೋ "ಹೋಲ್ಡಾನ್" ಎಂದರು. ನೀಲವ್ವ ಪಾಸಾಗಿದ್ದರು.

ಗಲಗಲಿಯವರು ಹಣೆ ಒತ್ತಿಕೊಂಡರು. ಕಂಡಕ್ಟರ್ ರೈಟ್ ಅನ್ನದೆ ಮೌಲಾಸಾಬರು ಎಂದೂ ಬಸ್ಸು ಕದಲಿಸಿದವರಲ್ಲ. ಅವರ ಮಿದುಳು ಅದನ್ನೂ ನಿಯಮಗಳ ಜೊತೆಗೇ ಜೋಡಿಸಿಟ್ಟುಕೊಂಡಿತ್ತು. ಸೋಸಿದಾಗ ಅದು ಸಿಕ್ಕಿರಲಿಲ್ಲ. ನಿಯಮ ಕಲಿಯಲು ಜನ ಸಾಲುಗಟ್ಟಿ ಪಟಕಾ ಸುತ್ತಿಸಿಕೊಂಡು, ಆ ವಾರ ಅದೇ ಮುದ್ರೆ ಅರ್ಧ ಊರಿನ ತಲೆಗೇರಿತ್ತು.

ಭಾನುವಾರ ಬೆಳಿಗ್ಗೆ ಬೀದಿಬೀದಿಯಲ್ಲೂ ಕಾರುಗಳು ನಿಂತಲ್ಲೇ ಗುರುಗುಟ್ಟಿದವು. ಪಟಕಾ ಸುತ್ತಿಸಿಕೊಂಡ ಯಾರಿಗೂ ಒಬ್ಬರೇ ಹೊರಡಲು ಆಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜನ ದಾರಿ ಕಂಡುಕೊಂಡರು. "ಕಾಕಾ, ಖಾಲಿ ಇದ್ರ ಬರ್ರಿ, ರೈಟ್ ಅನ್ನಾಕ." ಕಟ್ಟೆಯ ಮೇಲೆ ಕೂತಿದ್ದ ಮುದುಕರಿಗೆ ಪುರುಸೊತ್ತಿಲ್ಲದಂತಾಯಿತು. ಮಾತು ಬಿಟ್ಟಿದ್ದ ನೆರೆಹೊರೆಯವರು ರೈಟ್ ಅನ್ನುವುದಕ್ಕಾಗಿ ಬಾಯಿ ತೆರೆದು, ಕಾರು ಹೊರಟ ಮೇಲೆ ಮುಚ್ಚುವುದನ್ನು ಮರೆತರು.

ಸೋಮವಾರ ಗಲಗಲಿಯವರು ತಿದ್ದಿದ ಮುದ್ರೆಯ ಪಟಕಾವನ್ನು ಚೀಲದಲ್ಲಿಟ್ಟುಕೊಂಡು ರೊಟ್ಟಿಕೇಂದ್ರಕ್ಕೆ ಓಡಿಬಂದರು. "ನೀಲವ್ವಾರ, ಇದನ್ನ ಸುತ್ತಿಕೋರಿ, ಎಲ್ಲಾ ಸರಿ ಆಗ್ತದ."

"ಆಮ್ಯಾಲ ಸರಿ ಮಾಡೀರಂತ. ರೊಟ್ಟಿ ಆರಾಕತ್ತಾವ, ಹತ್ರಿ ಮೊದಲ."

ಗಲಗಲಿಯವರು ವ್ಯಾನು ಹತ್ತಿ, ಸಣ್ಣ ದನಿಯಲ್ಲಿ ರೈಟ್ ಅಂದರು.

"ಇಷ್ಟ್ ಮೆತ್ತಗ ಅಂದ್ರ ಎತ್ತಿನಗಾಡೀನೂ ಹೊಂಡೂದಿಲ್ರಿ."

"ರೈಟ್," ಗಲಗಲಿಯವರು ಕೂಗಿದರು. ವ್ಯಾನು ಹೊರಟಿತು. ಅವರಿಗೇ ನಗು ಬಂತು.

ಆಸ್ಪತ್ರೆಯಲ್ಲಿ ರೊಟ್ಟಿ ಇನ್ನೂ ಹಬೆಯಾಡುತ್ತಿತ್ತು. ಬುಟ್ಟಿಗಳು ಬರಿದಾಗಿ ಇಬ್ಬರೂ ಮತ್ತೆ ವ್ಯಾನಿನಲ್ಲಿ ಕೂತಾಗ, ಗೇಟಿನ ಬಳಿ ಒಬ್ಬ ನಡುವಯಸ್ಸಿನವರು ಒಗೆಯುವ ಬಟ್ಟೆಗಳ ಗಂಟು ಹಿಡಿದು ನಿಂತಿದ್ದರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು.

"ಎಲ್ಲಿಗ್ರೀ ಅಣ್ಣಾರ?" ನೀಲವ್ವ ಕೇಳಿದರು.

"ನವಲೂರಿಗ್ರಿ. ಮನಿಯವರು ಇಲ್ಲೇ ಅದಾರ. ಅರಿವಿ ಒಗಕೊಂಡು ಬರಬೇಕು."

"ಬರ್ರಿ ಮತ್ತ. ರೈಟ್ ಅನ್ನಾಕ ಯಾರೂ ಇಲ್ದ ನಿಂತೀನಿ."

ನಾನಿದ್ದೇನಲ್ಲ ಎಂದು ಗಲಗಲಿಯವರ ಬಾಯಿಗೆ ಬಂದಿತ್ತು. ಅವರು ಒಮ್ಮೆ ಆ ಮನುಷ್ಯರ ಮುಖ ನೋಡಿದರು. ಪಟಕಾದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬದಿಗೆ ಸರಿದು ಜಾಗ ಮಾಡಿದರು.