ಬೇರಿಂಗಿನ ಮೇಲಿನ ಅಲೆಗಳು

ಭಾಲ್ಕಿಯ ದಾಲ್ ಮಿಲ್ಲಿನಲ್ಲಿ ಮೂರನೆಯ ಮೋಟಾರು ಸತ್ತಿತ್ತು. ಬಿಚ್ಚಿದರೆ ಬೇರಿಂಗಿನ ಗ್ರೀಸಿನಲ್ಲಿ ಮರಳು.

"ಪಂಢರಿನೇ ಹಾಕ್ಯಾನ್ರಿ ಮೇಡಂ. ನಾ ಬೈದೀನಂತ ಸಿಟ್ಟು," ಎಂದ ಮಾಲೀಕ ಮಕರಂದ. "ಇವತ್ತೇ ಒಳಗ ಹಾಕ್ರಿ."

ಹದಿನೆಂಟು ವರ್ಷದಿಂದ ಅಲ್ಲಿ ಫಿಟ್ಟರ್ ಆಗಿದ್ದ ಪಂಢರಿ ಮುಂದೆ ಬಂದ. "ನಾನೇ ಜ್ವಾಕಿ ಮಾಡಿದ ಮಿಷಿನ್ ಸೇಠ್ರ. ನಾ ಹ್ಯಾಂಗ ಕೊಲ್ಲಲಿ?"

ಪಿಎಸ್‌ಐ ವಿಶಾಖಾ ಎಲೆಕ್ಟ್ರಾನಿಕ್ಸ್ ಓದಿದವಳು. ಬೇರಿಂಗನ್ನು ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಳು. ತೊಗರಿಯ ಹಳದಿ ಧೂಳು ಗಾಳಿಯಲ್ಲಿ ತೇಲುತ್ತಿತ್ತು. ಮಧ್ಯಾಹ್ನಕ್ಕೇ ಮಂಪರು ಕವಿದಂತಿತ್ತು. ಉಕ್ಕಿನ ಮೇಲೆ ಸಮಾನ ಅಂತರದ ಸಣ್ಣ ಗೆರೆಗಳು. ನೀರು ಇಳಿದ ಮೇಲೆ ಮಾಂಜ್ರಾ ನದಿಯ ದಂಡೆಯ ಕೆಸರಿನಲ್ಲಿ ಉಳಿಯುವ ಅಲೆಗಳಂತೆ.

ಮರಳು ಹೀಗೆ ಗೀಚುವುದಿಲ್ಲ.

* * *

ಮಿಲ್ಲಿನ ಗೋಡೆಗೆ ಒರಗಿ ಪಕ್ಕದ ಮನೆಯ ಮುದುಕಿ ಕಾವೇರಿಬಾಯಿ ಬೇಳೆ ಆರಿಸುತ್ತಿದ್ದಳು.

"ಅಜ್ಜಿ, ಇಲ್ಲಿ ಏನರೆ ಬದಲಾಗ್ಯದೇನು?"

"ಸಪ್ಪಳ ಬದಲಾಗ್ಯದ ಯವ್ವಾ. ಮೊದಲ ಮೊರದಾಗ ತೊಗರಿ ಕೇರಿದಂಗ ಸರಸರ ಅಂತಿತ್ತು. ಕೇಳ್ಕೋತ ಕನಸಿಗಿ ಜಾರ್ತಿದ್ದೆ. ಸಂಕ್ರಮಣ ಆದಮ್ಯಾಲ ಒಂದೇ ಸಮ ಶಿಳ್ಳಿ. ಕನಸೂ ಓಡಿ ಹೋದ್ವು."

"ಸಂಕ್ರಮಣಕ್ಕ ಪಂಢರಿ ಇದ್ದನೇನು?"

"ಔರಾದಕ್ಕ, ಅತ್ತಿ ಮನಿಗಿ ಹೋಗಿದ್ದ. ಬೀದರದಿಂದ ಇನ್ವರ್ಟರ್ ನೋಡಾವ ಬಂದಿದ್ದ ನೋಡು, ಅಮಿತಕುಮಾರ."

* * *

ವಿಶಾಖಾ ಕರೆಸಿದ್ದಕ್ಕೆ ಅಮಿತಕುಮಾರ ಬಂದಾಗ ಬದಲಿ ಮೋಟಾರು ಅದೇ ಶಿಳ್ಳೆ ಹಾಕುತ್ತಿತ್ತು.

"ತಿರುಗೋ ಬೇರಿಂಗಿಗಿ ಮರಳು ಬಿದ್ರ ಹಿಟ್ಟಾಗ್ತದ," ಎಂದಳು ವಿಶಾಖಾ. "ಇಲ್ಲಿ ಮರಳಿನ ಹರಳು ಹಂಗೇ ಉಳದಾವ. ಮೋಟಾರ್ ಸತ್ತ ಮ್ಯಾಲ ಹಾಕಿದ್ದು. ಮೊದಲ ಬಿಚ್ಚಿದಾವ ಯಾರ್ರಿ?"

ಮಕರಂದ ನಿಧಾನವಾಗಿ ಅಮಿತಕುಮಾರನ ಕಡೆ ತಿರುಗಿದ.

ವಿಶಾಖಾ ವಿವರಿಸಿದಳು. ಮೋಟಾರಿನ ವೇಗ ಹಿಡಿತದಲ್ಲಿಡುವ ಇನ್ವರ್ಟರಿನ ಮೂರೂ ಸ್ವಿಚ್ಚುಗಳು ಒಟ್ಟಿಗೆ ಮೇಲೋ ಕೆಳಗೋ ಆದಾಗ, ಮೂರೂ ತಂತಿಗಳಿಗೆ ಸಮಾನವಾದ ವೋಲ್ಟೇಜು ಜೋರಾಗಿ ಜಿಗಿಯುತ್ತದೆ. ಅದು ಮೋಟಾರಿನ ಶಾಫ್ಟಿಗೆ ಏರಿ, ಬೇರಿಂಗಿನಲ್ಲಿ ಕಿಡಿಯಾಗಿ ಇಳಿಯುತ್ತದೆ. ಆ ಗೆರೆಗಳು ಕಿಡಿ ಕೆತ್ತಿದವು. ಆ ಸ್ವಿಚ್ಚುಗಳನ್ನು ನಡೆಸಲೆಂದು ಮಿಲ್ಲಿನವರು ಸಂಕ್ರಮಣಕ್ಕೂ ಮೊದಲೇ ಹಾಕಿಸಿದ್ದ ಹೊಸ ಕಾರ್ಡು ಪ್ರತಿ ಹೆಜ್ಜೆಗೂ ಮುಂದೇನಾಗುವುದೆಂದು ಲೆಕ್ಕ ಹಾಕಿ, ಆ ಎರಡು ಸ್ಥಿತಿಗಳನ್ನು ಬಿಟ್ಟು ಉಳಿದವುಗಳಲ್ಲಿ ಒಂದನ್ನು ಆರಿಸುತ್ತದೆ. ಅದರ ಲಯ ಬದಲಾಗುತ್ತಲೇ ಇರುತ್ತದೆ, ಅದಕ್ಕೇ ಸರಸರ. ಹಳೆಯ ಕಾರ್ಡು ಆ ಎರಡನ್ನೂ ಬಿಡುವುದಿಲ್ಲ; ಅದಕ್ಕೆ ಒಂದೇ ತಾಳ, ಒಂದೇ ಶಿಳ್ಳೆ.

"ಹೊಸ ಕಾರ್ಡ್ ಎಲ್ಲದ?"

"ಸುಟ್ಟದರಿ," ಅಮಿತಕುಮಾರನ ದನಿ ಕುಸಿಯಿತು. "ಸುಗ್ಗಿಯಾಗ ಮಿಲ್ ನಿಂದ್ರಸಬ್ಯಾಡಂತ ಸೇಠ್ರು ಅಂದ್ರು. ಕರೆಂಟ್ ಇದ್ದಾಗೇ ಕಾರ್ಡ್ ಜಗ್ಗಿದೆ. ಹಳೇದು ಹಾಕಿ ಮುಚ್ಚಿದೆ. ಗೊತ್ತಾದ್ರ ನೌಕರಿ ಹೋಗ್ತದಂತ ಮರಳೂ ನಾನೇ ಹಾಕಿದೆ."

"ನಿನ್ನ ನೌಕರಿ ಉಳಿಲಿಕ್ಕ ಪಂಢರಿ ಜೇಲಿಗಿ ಹೋಗಬೇಕಿತ್ತೇನು? ನಡಿ."

ಜೀಪು ಹೋಯಿತು. ಮಕರಂದ ನೆಲ ನೋಡುತ್ತ ಕೇಳಿದ: "ಪಂಢರಿ, ಹೊಸಾದು ತರಸ್ತೀನಿ. ಹಳೇ ಕಾರ್ಡ್ ತಗೀತಿಯೇನು?"

"ತಗೀತೇನಿ. ಮೊದಲ ಮಿಲ್ ಬಂದ್ ಮಾಡ್ರಿ."

ಮಕರಂದ ತಾನೇ ಹೋಗಿ ಮೇನ್ ಸ್ವಿಚ್ ಎಳೆದ.